ಭಾವನ ಗಡ್ಡ, ಅಕ್ಕನ ಕತ್ತಿ

ನಮ್ಮಕ್ಕನಿಗೆ ಹೊಟ್ಟೆಕಿಚ್ಚು ಜಾಸ್ತಿ. ಬೆನ್ನ ಹಿಂದೆ ಆಡುತ್ತಿರುವ ಮಾತಲ್ಲ ಇದು, ಅವಳ ಎದುರಿಗೇ ಹೇಳಿದ್ದೇನೆ. "ಇದ್ರೆ ಇರ್ಲಿ, ನಿಮ್ಮಪ್ಪನ ಮನೆ ಗಂಟೇನಾದ್ರೂ ಹೋಯ್ತಾ?" ಅಂದಳು, ನಮ್ಮಿಬ್ಬರ ಅಪ್ಪ ಒಬ್ಬನೇ ಎಂಬುದನ್ನು ಮರೆತು.

ಹಾಗಂತ ಪಕ್ಕದ ಮನೆಗೆ ಹೊಸ ಫ್ರಿಜ್ ಬಂದರೆ, ಎದುರು ಮನೆಯವಳು ಚಿನ್ನದ ಬಳೆ ತೊಟ್ಟರೆ ತಿರುಗಿ ನೋಡುವವಳೂ ಅಲ್ಲ. ಅವಳಿಗೆ ಉರಿಯುವುದು ಮಾತಿನ ವಿಷಯದಲ್ಲಿ. ತನಗೆ ಹೇಳಬೇಕಾದ್ದನ್ನು ತನ್ನವರು ಇನ್ಯಾರಿಗೋ ಹೇಳಿದರು ಅಂತ ಗೊತ್ತಾದರೆ ಮುಗಿಯಿತು, ಊಟ ಸೇರುವುದಿಲ್ಲ, ಪಾತ್ರೆಗಳು ಸದ್ದಿಲ್ಲದೆ ತಮ್ಮ ಜಾಗಕ್ಕೆ ಹೋಗುವುದಿಲ್ಲ. ಚಿಕ್ಕವರಿದ್ದಾಗ ಅಮ್ಮ ನನ್ನ ಕಿವಿಯಲ್ಲಿ ಏನಾದರೂ ಪಿಸುಗುಟ್ಟಿದರೆ ಇವಳು ಎಲ್ಲಿದ್ದರೂ ಓಡಿಬಂದು ನಡುವೆ ತಲೆ ತೂರಿಸುತ್ತಿದ್ದಳು. ಅಮ್ಮ ಹೇಳಿದ್ದು "ಮೂಗು ಒರೆಸ್ಕೋ" ಅಂತ ಆಗಿದ್ದರೂ ಅದು ಅವಳಿಗೂ ಬೇಕಿತ್ತು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಮದುವೆಯಾಗಿ ಗಂಡನ ಮನೆಗೆ ಹೊರಟಾಗ ಟ್ರಂಕಿನ ಜೊತೆ ನನ್ನನ್ನೂ ಕರೆದುಕೊಂಡು ಹೋದಳು. ಭಾವ ಅದಕ್ಕೆ ಏನೂ ಹೇಳಲಿಲ್ಲ.

ಭಾವ ಯಾವುದಕ್ಕೂ ಏನೂ ಹೇಳುವವರಲ್ಲ. ಪುಸ್ತಕಗಳಿಗೆ ಬೈಂಡು ಹಾಕುವ ಕಡೆ ಅವರ ಕೆಲಸ, ಕಾಗದ ಕತ್ತರಿಸುವ ಮಿಷನ್ನಿನ ಮೇಲೆ. ಹೊಲಿದು ಅಂಟು ಹಾಕಿದ ಪುಸ್ತಕಗಳ ಅಟ್ಟಿಯನ್ನು ಬ್ಲೇಡಿನ ಕೆಳಗಿಟ್ಟು ಮೂರು ಕಡೆಯೂ ಅಂಚು ಸಮ ಮಾಡುವುದು. ದಿನವಿಡೀ ಅಷ್ಟು ಪುಸ್ತಕಗಳ ಜೊತೆಗಿದ್ದು ಮನೆಗೆ ಬಂದ ಮೇಲೆ ಅವರ ಬಾಯಿಂದ ಉದುರುತ್ತಿದ್ದ ಮುತ್ತುಗಳೆಂದರೆ "ಹೂಂ", "ಉಪ್ಪು", "ಬಾಗಿಲು ಹಾಕು". ಅಕ್ಕ ಮನೆಯಲ್ಲೇ ಕೂತು ಕಾರ್ಖಾನೆಯವರಿಗೆ ಶರ್ಟಿನ ಕಾಲರ್ ಹೊಲಿದು ಕೊಡುತ್ತಾಳೆ. ಕಾಲರ್ ಮಾತ್ರ, ಶರ್ಟಿನ ಉಳಿದ ಭಾಗ ಅವಳ ಕಣ್ಣಿಗೆ ಬಿದ್ದದ್ದಿಲ್ಲ. ಹೊಲಿಗೆ ಯಂತ್ರದ ಸದ್ದಿಗಿಂತ ಒಂದು ಪಟ್ಟು ಮೇಲೆ ಮಾತಾಡಿ ಮಾತಾಡಿ ಅವಳ ಗಂಟಲು ಗಟ್ಟಿ. ಒಬ್ಬರು ಮಾತಾಡುವುದು, ಒಬ್ಬರು ಕೇಳುವುದು, ಸಂಸಾರವೆಂದರೆ ಹೀಗೇ ಇರಬೇಕು ಎಂದುಕೊಂಡು ನಾನು ಮನೆ ಮುಂದಿನ ಶೆಡ್ಡಿನಲ್ಲಿ ಸೈಕಲ್ ರಿಪೇರಿ ಮಾಡಿಕೊಂಡಿದ್ದೆ.

ಭಾವ ದಿನ ಬಿಟ್ಟು ದಿನ ಬೆಳಿಗ್ಗೆ ಎರಡು ಬೀದಿ ಆಚೆಯ ಕ್ಷೌರದಂಗಡಿಗೆ ಹೋಗಿ ಗಡ್ಡ ಮಾಡಿಸಿಕೊಂಡು ಬರುತ್ತಿದ್ದರು. ಅಲ್ಲಿ ಈಗಲೂ ಹಳೆಯ ಕಾಲದ ಮಡಚುವ ಕತ್ತಿಯಲ್ಲೇ ಕ್ಷೌರ. ಒಂದು ದಿನ ಅಕ್ಕ ದಾರದ ಉಂಡೆ ತರಲು ಆ ದಾರಿಯಲ್ಲಿ ಹೋದವಳು ಗಾಜಿನ ಬಾಗಿಲಿನೊಳಗೆ ಭಾವನನ್ನು ಕಂಡಳು. ಮುಖದ ತುಂಬ ನೊರೆ, ನೊರೆಯ ನಡುವೆ ಬಾಯಿ, ಆ ಬಾಯಿ ಒಂದೇ ಸಮನೆ ಆಡುತ್ತಿದೆ. ಕೈ ಬೇರೆ ಬೀಸುತ್ತಿದ್ದಾರೆ. ಕೊನೆಗೆ ತಲೆ ಹಿಂದಕ್ಕೆ ಹಾಕಿ ನಕ್ಕರಂತೆ.

"ನಗ್ತಿದ್ರು ಕಣೋ," ಎಂದು ನನ್ನ ಶೆಡ್ಡಿಗೆ ಬಂದು ಹೇಳಿದಳು, ಭಾವ ಯಾರದೋ ಜೇಬು ಕತ್ತರಿಸುವಾಗ ಸಿಕ್ಕಿಬಿದ್ದಿದ್ದರು ಅನ್ನುವ ಹಾಗೆ.

"ನಗೋದು ತಪ್ಪೇನಕ್ಕಾ?"

"ಮನೇಲಿ ನಗೋಕೇನಾಗಿದೆ? ನಾನೇನು ಬಾಗಿಲಿಗೆ ಬೋರ್ಡ್ ಹಾಕಿದೀನಾ?"

ಆ ಉರಿ ಅಲ್ಲಿಗೇ ಆರುತ್ತಿತ್ತೇನೋ. ಅದಕ್ಕೆ ತುಪ್ಪ ಸುರಿದದ್ದು ಆ ಕ್ಷೌರದಂಗಡಿಯಾತನ ಹೆಂಡತಿ. ಇನ್ನೊಂದು ದಿನ ದಾರದ ಅಂಗಡಿಯಲ್ಲಿ ಸಿಕ್ಕವಳು, ಒಳ್ಳೆಯ ಹೆಂಗಸು, ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು: "ನಿಮ್ಮ ಯಜಮಾನ್ರನ್ನ ಕತ್ತರಿಸೋ ಮಿಷನ್ನಿಂದ ತೆಗೆದು ಕಾಗದ ಮಡಿಸೋ ಟೇಬಲ್ಲಿಗೆ ಹಾಕಿದ್ರಂತಲ್ಲ, ಪಾಪ. ತುಂಬ ನೊಂದ್ಕೊಂಡಿದಾರಂತೆ. ನಮ್ಮೋರು ಹೇಳ್ತಿದ್ರು."

ಅಕ್ಕನಿಗೆ ಗೊತ್ತಿರಲಿಲ್ಲ. ಎಷ್ಟೋ ವಾರಗಳಿಂದ ಭಾವ ಮಡಿಸುವ ಟೇಬಲ್ಲಿಗೆ ಹೋಗಿ ಬರುತ್ತಿದ್ದಾರೆ, ಬುತ್ತಿ ಕಟ್ಟಿ ಕಳಿಸುವ ಹೆಂಡತಿಗೆ ಗೊತ್ತಿಲ್ಲ. ಆದರೆ ಗೊತ್ತಿಲ್ಲ ಅನ್ನುವುದನ್ನು ಅವಳು ಒಪ್ಪಿಕೊಂಡಾಳೆಯೇ? "ಹೌದ್ರೀ, ಏನ್ಮಾಡೋದು," ಅಂದಳಂತೆ. ಆಮೇಲೆ ಮೆಲ್ಲಗೆ ಕೇಳಿದಳಂತೆ, "ನಿಮ್ಮೋರು ಅಂಗಡಿ ವಿಷಯ ಎಲ್ಲ ಮನೇಲಿ ಹೇಳ್ತಾರಾ?"

"ಬೆಳಿಗ್ಗೆಯಿಂದ ಊರೋರ ಮುಖ ನೋಡಿ ಅವರಿಗೆ ಸಾಕಾಗಿರುತ್ತೆ. ಸಂಜೆ ಅವರ ಗಡ್ಡ ನಾನೇ ಮಾಡೋದು. ಆಗ ಕೂತ್ಕೊಂಡು ಎಲ್ಲ ಹೇಳ್ತಾರೆ ನೋಡಿ."

ದಾರ ತರುವುದನ್ನು ಮರೆತು ಅಕ್ಕ ಮನೆಗೆ ಬಂದಳು. ಅವತ್ತು ಅವಳ ಹೊಟ್ಟೆಯಲ್ಲಿ ಒಂದಲ್ಲ, ಎರಡು ಒಲೆ ಉರಿಯುತ್ತಿದ್ದವು. ತನ್ನ ಗಂಡನ ಸಂಕಟವನ್ನು ಮೊದಲು ಕೇಳಿದ ಅಂಗಡಿಯಾತನ ಮೇಲೊಂದು. ಆ ಸಂಕಟ ತನಗಿಂತ ಮುಂಚೆ ತಲುಪಿದ ಅವನ ಹೆಂಡತಿಯ ಮೇಲೆ ಇನ್ನೊಂದು.

"ಕೇಳಿಬಿಡು ಅತ್ಲಾಗೆ," ಎಂದೆ. "ಮಿಷನ್ ಬಿಡಿಸಿದ್ರಂತೆ ಹೌದಾ ಅಂತ. ಹೂಂ ಅಂತಾರೆ, ಮುಗೀತು."

"ನಾನ್ಯಾಕೆ ಕೇಳ್ಲಿ? ಅವನಿಗೇನು ಮಿಷನ್ ವಿಷಯ ಗೊತ್ತಿತ್ತಾ ಕೇಳೋಕೆ? ಆದ್ರೂ ಹೇಳಿದಾರೆ. ನನಗೂ ಹಾಗೇ ಹೇಳಬೇಕು. ಅವರಾಗೇ ಬಾಯಿ ಬಿಡಬೇಕು."

ಅವಳಿಗೆ ಬೇಕಾದದ್ದು ಇಷ್ಟೇ. ಇಷ್ಟನ್ನು ಪಡೆಯಲು ಅವಳು ಕಂಡುಕೊಂಡ ದಾರಿ ಕೇಳಿ ನನ್ನ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು. ಕತ್ತಿ ಹಿಡಿದವರ ಮುಂದೆ ಗಂಡಸರು ಬಾಯಿ ಬಿಡುತ್ತಾರೆ. ಅಂಗಡಿಯಲ್ಲಿ ಭಾವ ಬಿಟ್ಟರು, ಮನೆಯಲ್ಲಿ ಅಂಗಡಿಯಾತ ಬಿಟ್ಟ. ಆದ್ದರಿಂದ ತಾನೂ ಕತ್ತಿ ಹಿಡಿಯುವುದು.

ಕಲಿಸಲು ಅಂಗಡಿಯಾತನ ಹೆಂಡತಿಯನ್ನೇ ಕರೆದಳು. ನೆಪಕ್ಕೆ ನಾನಿದ್ದೆನಲ್ಲ. "ನನ್ನ ತಮ್ಮನಿಗೆ ಮುಖದ ತುಂಬ ಗುಳ್ಳೆ ಏಳುತ್ತೆ, ಅಂಗಡಿಗೆ ಹೋಗೋಕೆ ನಾಚ್ಕೋತಾನೆ," ಎಂದು ನನ್ನೆದುರಿಗೇ ಹೇಳಿದಳು. ಆ ಹೆಂಗಸು ನನ್ನ ನುಣ್ಣನೆಯ ಕೆನ್ನೆಯನ್ನು ಮರುಕದಿಂದ ನೋಡಿ, ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಒಂದು ಹಳೆಯ ಕತ್ತಿಯನ್ನು ತಂದುಕೊಟ್ಟಳು. ಹಿಡಿ ಕಪ್ಪಗಿತ್ತು, ಅಲಗು ಕಿರುಬೆರಳಿನಷ್ಟು ಅಗಲ, ಬೆನ್ನು ದಪ್ಪ.

ಮೊದಲ ಪಾಠ ಕತ್ತಿಯನ್ನು ತೊಗಲಿನ ಪಟ್ಟಿಯ ಮೇಲೆ ಎಳೆಯುವುದು. ಪಟ್ಟಿ ಎಲ್ಲಿಂದ ಬರಬೇಕು? ನನ್ನ ಸೊಂಟದ ಬೆಲ್ಟ್ ಬಿಚ್ಚಿಸಿ ಕಿಟಕಿಯ ಸರಳಿಗೆ ಕಟ್ಟಿದರು. "ಕತ್ತಿಯ ಬೆನ್ನು ಮುಂದೆ, ಬಾಯಿ ಹಿಂದೆ," ಎಂದಳು ಗುರು. "ತುದಿಗೆ ಬಂದ್ಮೇಲೆ ಬೆನ್ನಿನ ಮೇಲೇ ಮಗುಚಿ ವಾಪಸ್ ಬರಬೇಕು. ಬಾಯಿ ಮುಂದೆ ಮಾಡಿದ್ರೆ ತೊಗಲು ಕತ್ತರಿಸುತ್ತೆ." ಅಕ್ಕ ಎಡಗೈಯಲ್ಲಿ ಪಟ್ಟಿ ಜಗ್ಗಿ ಹಿಡಿದು, ಬಲಗೈಯಲ್ಲಿ ಕತ್ತಿ ಎಳೆಯುತ್ತ, ಬಾಯಲ್ಲಿ ಎದುರು ಮನೆಯ ಕಥೆ ಹೇಳುತ್ತ ಮಗುಚುವುದನ್ನು ಮರೆತಳು. ನನ್ನ ಬೆಲ್ಟ್ ಅರ್ಧಕ್ಕೆ ಸೀಳಿತು. ಉಳಿದ ತುಂಡು ಪಟ್ಟಿಯಾಗಿ ಸರಳಿನಲ್ಲೇ ಉಳಿಯಿತು, ಆ ವಾರವೆಲ್ಲ ನಾನು ಪ್ಯಾಂಟಿಗೆ ಹಳೆಯ ಸೈಕಲ್ ಟ್ಯೂಬ್ ಕಟ್ಟಿಕೊಂಡು ಓಡಾಡಿದೆ.

ಎರಡನೆಯದು ಬಲೂನು. ಊದಿದ ಬಲೂನಿಗೆ ನೊರೆ ಬಳಿದು, ಅದು ಒಡೆಯದ ಹಾಗೆ ನೊರೆಯನ್ನಷ್ಟೇ ಕತ್ತಿಯಿಂದ ತೆಗೆಯಬೇಕು. ಅಲಗನ್ನು ಪೂರ್ತಿ ಮಲಗಿಸಿದರೆ ಜಾರುತ್ತದೆ, ನಿಲ್ಲಿಸಿದರೆ ಕಚ್ಚುತ್ತದೆ, ಎರಡರ ನಡುವೆ ಒಂದು ಓರೆ ಇದೆ, ಅದನ್ನು ಕೈಯೇ ಕಂಡುಕೊಳ್ಳಬೇಕು. ಬಲೂನು ಒಡೆದಾಗಲೆಲ್ಲ ಅಡುಗೆಮನೆಯ ಗೋಡೆಗೆ ನೊರೆ ಹಾರುತ್ತಿತ್ತು. ಕಾಲರಿನ ಮೂಲೆ ತಿರುಗಿಸಿ ಪಳಗಿದ ಕೈ ಅಕ್ಕನದು, ಬೇಗ ಹದಕ್ಕೆ ಬಂತು. ಬಂದದ್ದೇ ನನ್ನ ಗ್ರಹಚಾರ.

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅಂತಾರೆ. ಅಕ್ಕ ಅದಕ್ಕೆ ಕಂಡವರನ್ನು ಹುಡುಕಿಕೊಂಡು ಹೋಗಲಿಲ್ಲ, ಒಡಹುಟ್ಟಿದ ತಮ್ಮನನ್ನೇ ತಳ್ಳಿದಳು. "ಚರ್ಮ ಎಳೆದು ಹಿಡ್ಕೊಳ್ಳಿ," ಎಂದು ಗುರು ಹೇಳಿದರೆ ನನ್ನ ಕಿವಿ ಹಿಡಿದು ಎಳೆಯುತ್ತಿದ್ದಳು. ಕೂದಲು ಬೆಳೆದ ದಿಕ್ಕಿಗೇ ಕತ್ತಿ ಹೋಗಬೇಕು, ಗದ್ದದ ಕೆಳಗೆ ಅದು ಎರಡು ಕಡೆಗೆ ಸುತ್ತಿಕೊಂಡಿರುತ್ತದೆ ಎಂಬುದನ್ನು ಅವಳು ಕಲಿತದ್ದು ನನ್ನ ರಕ್ತದಲ್ಲಿ. ನನಗೆ ಗುಳ್ಳೆ ಏಳುತ್ತಿರಲಿಲ್ಲ, ಈಗ ಎದ್ದವು. ರಕ್ತ ನಿಲ್ಲಲೆಂದು ಪಟಿಕದ ಕಲ್ಲು ಉಜ್ಜಿದಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಒರಳಲ್ಲಿ ತಲೆಯಿಟ್ಟ ಮೇಲೆ ಒನಕೆ ಪೆಟ್ಟಿಗೆ ಹೆದರಿದರಾದೀತೇ ಎಂದು ಕೂತಿದ್ದೆ. ಹಾಗೂ ಹೀಗೂ ಒಂದು ದಿನ ನನ್ನ ಮುಖದಲ್ಲಿ ಒಂದು ಹನಿಯೂ ರಕ್ತ ಬರಲಿಲ್ಲ. ಗುರು ತನ್ನ ಬೆರಳ ಹಿಂಬದಿಯಿಂದ ನನ್ನ ಕೆನ್ನೆ ಸವರಿ ನೋಡಿ, "ಇನ್ನು ನಾನು ಬರೋದು ಬೇಡ," ಎಂದಳು.

ಮಾರನೆಯ ಬೆಳಿಗ್ಗೆ ಭಾವ ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟಾಗ ಅಕ್ಕ ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದು ಹಾಕಿದಳು.

"ಏನ್ರೀ, ಇಲ್ಲಿ ಕೂತ್ಕೊಳ್ಳಿ. ಇನ್ಮೇಲೆ ನಿಮ್ಮ ಗಡ್ಡ ನಾನೇ ಮಾಡೋದು."

ಭಾವ ಅವಳ ಮುಖ ನೋಡಲಿಲ್ಲ, ಕತ್ತಿಯನ್ನು ನೋಡಿದರು. ಇಸಿದುಕೊಂಡು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಅಲಗಿಗೆ ಅಡ್ಡಲಾಗಿ ಮೆಲ್ಲಗೆ ಸವರಿದರು. ಜೀವನವಿಡೀ ಬ್ಲೇಡಿನ ಜೊತೆ ಬಾಳಿದವರು.

"ಹದ ಮಾಡಿದ್ದು ಯಾರು?"

"ನಾನೇ."

"ಹೂಂ," ಎಂದು ಕೂತರು. ನನಗೆ ನಿಜವಾಗಿ ಆಶ್ಚರ್ಯವಾಯಿತು.

ಅಕ್ಕ ಶುರು ಮಾಡಿದಳು. ಕ್ಷೌರವನ್ನೂ, ಮಾತನ್ನೂ. ಕ್ಷೌರದಂಗಡಿ ಎಂದರೆ ಮಾತಿನ ಸಂತೆ, ಅಂಗಡಿಯಾತ ಬಾಯಿಗೆ ಬಾಯಿ ಕೊಟ್ಟು ಗಂಡಸರ ಒಳಗಿನದನ್ನೆಲ್ಲ ಎಳೆದು ತೆಗೆಯುತ್ತಾನೆ ಎಂಬುದು ಅವಳ ಕಲ್ಪನೆ. ಅದಕ್ಕೇ ನೊರೆ ಬಳಿಯುವಾಗಿಂದ ಬಿಡುವಿಲ್ಲದೆ ಕೇಳಿದಳು. ಕೆಲಸ ಹೇಗಿದೆ, ಮಿಷನ್ ಹೇಗೆ ಓಡುತ್ತಿದೆ, ಹೊಸ ಹುಡುಗರು ಸೇರಿದರಂತೆ ಹೌದಾ, ಕೈಕಾಲು ನೋವೇನಾದರೂ ಇದೆಯಾ. ಪ್ರತಿ ಪ್ರಶ್ನೆಯ ತುದಿಯಲ್ಲಿ "ಹೇಳಿ" ಅನ್ನುತ್ತಿದ್ದಳು. ಹಾಗೆ ಅನ್ನುವಾಗ ಕತ್ತಿ ಭಾವನ ತುಟಿಯ ಮೇಲಿರುತ್ತಿತ್ತು, ಇಲ್ಲವೇ ಗಂಟಲ ಮಣಿಯ ಮೇಲೆ. ಆ ಹೊತ್ತಿನಲ್ಲಿ ಯಾವ ಗಂಡಸು ಬಾಯಿ ಬಿಟ್ಟಾನು? ಗಡ್ಡ ಮುಗಿಯಿತು, ಭಾವ ಎದ್ದು ಕೆಲಸಕ್ಕೆ ಹೋದರು.

ಹೀಗೇ ಒಂದಷ್ಟು ದಿನ ನಡೆಯಿತು. ಭಾವನ ಮುಖ ನುಣ್ಣಗಾಗುತ್ತ ಬಂತು, ಮಾತು ಮಾತ್ರ ಹೊರಗೆ ಬರಲಿಲ್ಲ. ಅಂಗಡಿಗೆ ಹೋಗುವುದು ನಿಂತ ಮೇಲೆ ಅವರು ಇನ್ನೂ ಕುಗ್ಗಿದರು. "ಉಪ್ಪು" ಅನ್ನುವುದನ್ನೂ ಬಿಟ್ಟು, ತಾವೇ ಎದ್ದು ಹೋಗಿ ಹಾಕಿಕೊಳ್ಳತೊಡಗಿದರು. ನನಗೆ ಅವರನ್ನು ನೋಡಿ ಹೊಟ್ಟೆ ಚುರ್ ಎನ್ನುತ್ತಿತ್ತು. ಅಕ್ಕನಿಗೆ ಹೊಟ್ಟೆ ಇನ್ನಷ್ಟು ಉರಿಯುತ್ತಿತ್ತು.

"ಆ ಮನುಷ್ಯ ಅದೇನು ಮಾತಾಡ್ತಾನೋ ನೋಡ್ಕೊಂಡು ಬಾ," ಎಂದು ನನ್ನನ್ನು ಅಟ್ಟಿದಳು. "ಅವನು ಕೇಳೋ ಒಂದೊಂದು ಪ್ರಶ್ನೇನೂ ನನಗೆ ಬೇಕು. ಬಾಯಿಪಾಠ ಮಾಡ್ಕೊಂಡು ಬಾ."

ಹೋಗಿ ಕುರ್ಚಿಯಲ್ಲಿ ಕೂತೆ. ಅಂಗಡಿಯಾತ ಎತ್ತರದ ಆಳು, ಉದ್ದ ಮುಖ. "ಗಡ್ಡ?" ಎಂದ. ತಲೆಯಾಡಿಸಿದೆ. ಅಷ್ಟೇ ಅವನ ಮಾತು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಮುಖಕ್ಕೆ ಸುತ್ತಿದ. ತೆಗೆದು ನೊರೆ ಬಳಿದ. ಆಮೇಲೆ ನನಗೆ ಬೆನ್ನು ಹಾಕಿ ನಿಂತು, ಗೋಡೆಯ ತೊಗಲಿನ ಪಟ್ಟಿಯ ಮೇಲೆ ಕತ್ತಿ ಎಳೆಯತೊಡಗಿದ. ಯಾವ ಅವಸರವೂ ಇಲ್ಲದೆ ಹೋಗುತ್ತಿತ್ತು, ಬರುತ್ತಿತ್ತು. ಕೂದಲು ನೆನೆಯಲಿ ಅಂತ ಕಾಯುತ್ತಿದ್ದನೋ ಏನೋ. ಆ ಸದ್ದು ಕೇಳುತ್ತ, ಯಾರೂ ಏನೂ ಕೇಳದೆ, ಯಾರೂ ನನ್ನ ಮುಖ ನೋಡದೆ ಕೂತಿದ್ದವನು ನಾನು ಇದ್ದಕ್ಕಿದ್ದಂತೆ ಔಷಧಿ ಅಂಗಡಿಯಲ್ಲಿ ಕೂರುವವಳ ವಿಷಯ ಹೇಳತೊಡಗಿದೆ. ತಲೆನೋವೇ ಇಲ್ಲದ ನಾನು ಅವಳ ಹತ್ತಿರ ತಲೆನೋವಿನ ಮಾತ್ರೆ ಕೊಂಡು ಕೊಂಡು ಡಬ್ಬಿ ತುಂಬಿಸಿಕೊಂಡಿರುವುದನ್ನು ಹೇಳಿದೆ. ಈ ವಯಸ್ಸಿನಲ್ಲಿ ಇದೆಲ್ಲ ನಗೆಪಾಟಲು ಅಲ್ಲವೇ ಎಂದೂ ಕೇಳಿದೆ. ಅಂಗಡಿಯಾತ "ಹೂಂ" ಎಂದ. ಅದು ಹೌದು ಎಂದೋ, ಅಲ್ಲ ಎಂದೋ ತಿಳಿಯಲಿಲ್ಲ, ತಿಳಿಯಬೇಕು ಅನ್ನಿಸಲೂ ಇಲ್ಲ. ನೊರೆ ಒಣಗತೊಡಗಿದಾಗ ಮತ್ತೊಮ್ಮೆ ಬಳಿದು, ಮತ್ತೆ ಬೆನ್ನು ಹಾಕಿ ಪಟ್ಟಿಗೆ ಹೋದ.

ಮನೆಗೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಪ್ರಶ್ನೆ ಒಂದೂ ಇಲ್ಲ, ಬೆನ್ನು ಹಾಕಿ ನಿಲ್ಲುತ್ತಾನೆ, ಹೂಂ ಅನ್ನುತ್ತಾನೆ.

"ಹೂಂ ಅನ್ನೋಕೆ ಅವನೇ ಬೇಕಿತ್ತಾ? ಸುಳ್ಳು ಹೇಳ್ತಿದೀಯ ನೀನು."

"ಸುಳ್ಳಲ್ಲ ಅಕ್ಕಾ. ನಾನೇ ಬಾಯಿಬಿಟ್ಟು ಬಂದಿದೀನಿ, ಔಷಧಿ ಅಂಗಡಿಯವಳ ವಿಷಯ."

ಅಂದ ಮೇಲೆ ನಾಲಗೆ ಕಚ್ಚಿಕೊಂಡೆ. ಅಕ್ಕನ ಹೊಲಿಗೆ ಯಂತ್ರ ನಿಂತಿತು.

"ಯಾವ ಔಷಧಿ ಅಂಗಡಿಯವಳು?"

ಹೇಳಬೇಕಾಯಿತು. ಅವಳ ಮುಖ ಕೆಂಪಾಯಿತು. "ಹೆತ್ತಮ್ಮನ ಹಾಗೆ ಸಾಕಿದೆ. ನನಗೆ ಹೇಳ್ಲಿಲ್ಲ, ಆ ಉದ್ದ ಮುಖದವನಿಗೆ ಹೇಳಿ ಬಂದೆ," ಎಂದಳು. ಮರುಕ್ಷಣವೇ ಎದ್ದು ನಿಂತಳು. "ಇರ್ಲಿ, ನಾಳೇನೇ ಅವರ ಮನೆಗೆ ಹೋಗ್ತೀನಿ. ಅವಳ ಅಣ್ಣನ್ನ ನೋಡಿ ಮಾತಾಡ್ತೀನಿ. ಮೊದಲು ನೀನು ಆ ಎಣ್ಣೆ ಪ್ಯಾಂಟ್ ಬಿಸಾಕು. ತಲೆ ಹಿಂದಕ್ಕೆ ಬಾಚು. ಅವಳಿಗೆ ಕೆಲಸ ಬಿಡೋಕೆ ಹೇಳೋಣ್ವಾ, ಬೇಡ್ವಾ?"

ನನಗೆ ಎಲ್ಲಿತ್ತೋ ಸಿಟ್ಟು ಬಂತು. "ಇದಕ್ಕೇ ಅಕ್ಕಾ ಯಾರೂ ನಿನಗೆ ಹೇಳಲ್ಲ," ಎಂದೆ. "ಹೇಳಿದವರ ಬಾಯಿ ಮುಚ್ಚೋಕೆ ಮುಂಚೆ ನೀನು ಆ ಮಾತು ಕಿತ್ಕೊಂಡು ಹೊರಟಿರ್ತೀಯ. ಆಮೇಲೆ ಅದು ನಮ್ಮದಾಗಿ ಉಳಿಯಲ್ಲ, ನಿನ್ನದಾಗುತ್ತೆ."

ಅಕ್ಕ ಕೂತಳು. ಯಂತ್ರದ ಕೆಳಗಿದ್ದ ಕಾಲರನ್ನು ಹೊರಗೆಳೆದು ನೋಡಿದಳು, ಮತ್ತೆ ಒಳಗೆ ತೂರಿಸಿದಳು. ಅವತ್ತು ಸಂಜೆಯವರೆಗೂ ನಮ್ಮ ಮನೆಯಲ್ಲಿ ಯಂತ್ರದ ಸದ್ದೊಂದೇ ಕೇಳುತ್ತಿತ್ತು. ಅಷ್ಟು ಕಟುವಾಗಿ ಆಡಬಾರದಿತ್ತೇನೋ, ಆದರೆ ಸುಳ್ಳಂತೂ ಆಡಿರಲಿಲ್ಲ.

ಮುಂದಿನ ಗಡ್ಡದ ದಿನ ನಾನು ಬಾಗಿಲ ಹೊರಗೆ, ಕಿಟಕಿಯ ಪಕ್ಕದ ಮೆಟ್ಟಿಲ ಮೇಲೆ ಕೂತು ಟ್ಯೂಬಿಗೆ ಪಂಚರ್ ಹಾಕುತ್ತಿದ್ದೆ. ಒಳಗಿನದು ಕಾಣುತ್ತಿತ್ತು, ಕೇಳುತ್ತಿತ್ತು. ಅಕ್ಕ ಬಿಸಿ ಟವೆಲ್ ಸುತ್ತಿದಳು, ತೆಗೆದಳು, ನೊರೆ ಬಳಿದಳು. ಒಂದು ಮಾತಿಲ್ಲ. ಆಮೇಲೆ ಭಾವನಿಗೆ ಬೆನ್ನು ಹಾಕಿ ಕಿಟಕಿಯ ಕಡೆ ತಿರುಗಿ, ಸರಳಿನ ಪಟ್ಟಿಯ ಮೇಲೆ ಕತ್ತಿ ಎಳೆಯತೊಡಗಿದಳು. ಅವಳ ಮುಖ ನನ್ನ ಕಡೆಗಿತ್ತು. ಬಾಯಿಗೆ ಬಂದ ಮಾತುಗಳನ್ನು ತುಟಿ ಕಚ್ಚಿ ಕಚ್ಚಿ ನುಂಗುತ್ತಿದ್ದಳು. ಕತ್ತಿ ಹೋಯಿತು, ಬಂತು. ಭಾವ ಕೆಮ್ಮಿದರು. ನೊರೆ ಒಣಗಿತು. ಅವಳು ತಿರುಗಿ, ಮತ್ತೊಮ್ಮೆ ಬಳಿದು, ಮತ್ತೆ ಬೆನ್ನು ಹಾಕಿದಳು.

"ಮಿಷನ್ ಬಿಡಿಸಿದ್ರು," ಎಂದರು ಭಾವ.

ಗೊತ್ತು ಅನ್ನುವುದು ಅಕ್ಕನ ನಾಲಗೆಯ ತುದಿಗೆ ಬಂದದ್ದು ನನಗೆ ಹೊರಗಿಂದಲೇ ಕಂಡಿತು. ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಹೂಂ," ಎಂದಳು.

"ಅವರ ತಪ್ಪೇನಿಲ್ಲ. ನಾನೇ ಕೈ ಒಳಗಿಟ್ಟಿದ್ದೆ, ಕಾಲು ಪೆಡಲ್ ಮೇಲಿತ್ತು. ಯಾವುದೋ ಯೋಚನೆ. ಬ್ಲೇಡ್ ಇಳೀತಾ ಇರೋದು ನೋಡ್ತಾನೇ ಇದ್ದೆ, ಕೈ ತೆಗೀಬೇಕು ಅಂತ ಹೊಳೀಲೇ ಇಲ್ಲ. ಪಕ್ಕದವನು ಸ್ವಿಚ್ ಆರಿಸಿದ."

ಕತ್ತಿ ಪಟ್ಟಿಯ ಮೇಲೆ ಒಂದು ಗಳಿಗೆ ನಿಂತಿತು. ಅಕ್ಕನ ಕಣ್ಣು ತುಂಬಿತ್ತು. ತಿರುಗಿ ಆ ಕೈ ಹಿಡಿದು ನೋಡಬೇಕು, ಬೈಯಬೇಕು, ನಾಳೆಯಿಂದ ಕೆಲಸಕ್ಕೇ ಹೋಗಬೇಡಿ ಅನ್ನಬೇಕು ಎಂದೆಲ್ಲ ಅವಳಿಗೆ ಅನ್ನಿಸಿರಲೇಬೇಕು. ಕತ್ತಿಯನ್ನು ಬೆನ್ನಿನ ಮೇಲೆ ಮಗುಚಿ ಮತ್ತೆ ಎಳೆದಳು.

"ಆವತ್ತಿಂದ ಬ್ಲೇಡ್ ಕಂಡ್ರೆ ಭಯ," ಎಂದರು ಭಾವ. "ಅಲ್ಲಿ ಅಂಗಡೀಲೂ ಅಷ್ಟೇ. ಮಾತಾಡೋವಾಗ ಏನೂ ಇಲ್ಲ, ಅವನು ಕತ್ತಿ ಹತ್ರ ತಂದ ಕೂಡ್ಲೇ ಎದೆ ಹೊಡ್ಕೊಳ್ಳೋದು. ಕುರ್ಚಿ ಗಟ್ಟಿಯಾಗಿ ಹಿಡ್ಕೊಂಡು ಕೂರ್ತಿದ್ದೆ. ಎಷ್ಟು ವರ್ಷದಿಂದ ಮಾಡ್ತಿರೋ ಕೈ ಅವನದು, ಆದ್ರೂ ಭಯ. ನಿನ್ನ ಕೈಲಿ ಭಯ ಆಗ್ಲಿಲ್ಲ. ಮೊದಲ ದಿನವೂ ಆಗ್ಲಿಲ್ಲ. ಯಾಕೋ ಗೊತ್ತಿಲ್ಲ, ನೀನು ಅವನಷ್ಟು ಚೆನ್ನಾಗಂತೂ ಮಾಡಲ್ಲ."

ಅಕ್ಕ ಇಷ್ಟು ಹೊತ್ತು ತಡೆದದ್ದೇ ದೊಡ್ಡದು. ಕತ್ತಿ ನಿಲ್ಲಿಸಿ, ತಿರುಗದೆಯೇ ಕೇಳಿದಳು.

"ಇದನ್ನ ಅವನಿಗೆ ಹೇಳಿದೀರಾ?"

"ಯಾವುದನ್ನ?"

"ಭಯದ್ದು. ನನ್ನ ಕೈದು."

"ಇಲ್ಲ."

"ಹೇಳಬೇಡಿ," ಎಂದಳು ಅಕ್ಕ.

"ಹೂಂ," ಎಂದರು ಭಾವ. ಅಷ್ಟರಲ್ಲಿ ನೊರೆ ಪೂರ್ತಿ ಒಣಗಿ ಕೆಲಸಕ್ಕೂ ಹೊತ್ತಾಗಿತ್ತು. ಮುಖ ತೊಳೆದು, ಬುತ್ತಿ ಹಿಡಿದು, ಬೆಳೆದ ಗಡ್ಡದಲ್ಲೇ ನನ್ನನ್ನು ದಾಟಿಕೊಂಡು ಮೆಟ್ಟಿಲಿಳಿದು ಹೋದರು.